ಅಮ್ಮನ ಕೀ ವಾಚು

ಹಳೆಯ ವಾಚುಗಳನ್ನು ಹುಡುಕಿ ತಂದು, ಓಡುವಂತೆ ಮಾಡಿ ಕಟ್ಟಿಕೊಳ್ಳುವುದು ನನ್ನ ಖಯಾಲಿ. ಹಿಂಬದಿಯ ಮುಚ್ಚಳ ಬಿಚ್ಚುವಾಗ ತುಕ್ಕಿನ ವಾಸನೆ ಬಂದರೆ ಇಂದಿಗೂ ಒಂಟಿಕೊಪ್ಪಲಿನ ನಮ್ಮ ಮನೆಯ ಆ ಮಧ್ಯಾಹ್ನವೇ ಮೂಗಿಗೆ ಬಡಿಯುತ್ತದೆ.

ಮದುವೆಗೆ ಮುಂಚೆ ಟೀಚರಾಗಿದ್ದ ಅಮ್ಮ ತನ್ನ ಸಂಬಳದಲ್ಲಿ ಕೊಂಡಿದ್ದ ಪುಟ್ಟ ಕೀ ವಾಚು ಅದು. ಅಪ್ಪನ ತಂಗಿ, ನಮ್ಮತ್ತೆ, ತನ್ನನ್ನು ನೋಡಲು ಗಂಡಿನವರು ಬಂದಾಗ ಒಂದು ದಿನಕ್ಕೆಂದು ಅದನ್ನು ಕಟ್ಟಿಕೊಂಡವಳು ಮದುವೆಯಾಗಿ ಹೋಗುವಾಗಲೂ ಬಿಚ್ಚಲಿಲ್ಲ. ಗೌರಿ ಹಬ್ಬಕ್ಕೆ ಬಂದಾಗ ಅವಳ ಕೈಯಲ್ಲಿ ಬೇರೆ ಹೊಸ ವಾಚಿತ್ತು.

"ತಗೊಳ್ಳಿ ಅತ್ತಿಗೆ, ನಿಮ್ದು. ನೀರು ಹೋಗಿ ನಿಂತೋಗಿದೆ," ಎಂದು ಅಮ್ಮನ ಅಂಗೈಗೆ ಹಾಕಿದಳು. ಗಾಜಿನೊಳಗೆ ಹಬೆ ಕಟ್ಟಿತ್ತು. ತುಕ್ಕಿನ ಜೊತೆ ಅತ್ತೆಯ ಪೌಡರಿನ ವಾಸನೆಯೂ ಸೇರಿಕೊಂಡಿತ್ತು.

"ರಿಪೇರಿಗೆ ಕೊಟ್ಟು ಬರ್ತೀರಾ?" ಅಮ್ಮ ಅಪ್ಪನನ್ನು ಕೇಳಿದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಉತ್ತರ ಕೊಟ್ಟವರು ಅಜ್ಜಿ. "ಮನೇಲೇ ಇರೋಳ್ಗೆ ಟೈಮ್ ಯಾಕೆ ಕಣಮ್ಮ? ಕೈಗೆ ಲಕ್ಷಣವಾಗಿದೆ, ಸುಮ್ನೆ ಕಟ್ಕೊಂಬುಡು."

ಅಮ್ಮ ಅದಕ್ಕೆ ಕೀ ಕೊಟ್ಟಳು. ಕಿವಿಗೆ ಹಿಡಿದು ತುಸು ಹೊತ್ತು ಕೇಳಿದಳು. ಮುಳ್ಳು ಕದಲಲಿಲ್ಲ. ಆಮೇಲೆ ಎಡಗೈಗೆ ಕಟ್ಟಿಕೊಂಡು, ಅತ್ತೆಗೆ ಕಾಫಿ ಬೆರೆಸಲು ಒಳಗೆ ಹೋದಳು.