ಅತ್ತಿಮರದ ರಜೆ

ಊರಿಗೆ ಊರೇ ಹುಡುಕಿದರೂ ಮರಗಳು ಉಳಿದಿದ್ದುದು ಸಸ್ಯತೋಟದೊಳಗೆ ಮಾತ್ರ. ಬಸ್ ಓಡಿಸುವ ಹೊಂಬಾಳಮ್ಮನಿಗೆ ಡಾಕ್ಟರು ಚೀಟಿಯಲ್ಲಿ ‘ಅತ್ತಿಮರ, ಅರ್ಧ ಗಂಟೆ’ ಎಂದು ಬರೆದುಕೊಟ್ಟಿದ್ದರು. ಅವಳ ಕಣ್ಣಿಗೆ ನಿದ್ದೆ ಹತ್ತದೆ ಎಂಟು ದಿನವಾಗಿತ್ತು. ಇವತ್ತೂ ನಿದ್ದೆ ಮಾಡದಿದ್ದರೆ ನಾಳೆ ಸ್ಟೇರಿಂಗ್ ಮುಟ್ಟಲು ಬಿಡುವುದಿಲ್ಲವೆಂದು ಡಿಪೋದವರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಚಪ್ಪಲಿ ಬಿಟ್ಟು, ಕೈ ತೊಳೆದು ಒಳಗೆ ಬಂದರೆ ಅತ್ತಿಮರದ ಸುತ್ತ ಹಗ್ಗ ಕಟ್ಟಿತ್ತು. ಹಗ್ಗದಲ್ಲಿ ‘ರಜೆ’ ಎಂಬ ಹಲಗೆ ತೂಗುತ್ತಿತ್ತು.

“ನಾಳೆ ಬಾರವ್ವ,” ಎಂದ ಮಾಲಿ ಈರಭದ್ರಣ್ಣ. “ವಾರವೆಲ್ಲ ಜನರ ಗೋಳು ಕೇಳಿ ಕೇಳಿ ಎಲೆ ಬಾಡೋಗವೆ. ಇವತ್ತು ಯಾರೂ ಮುಟ್ಟಂಗಿಲ್ಲ.”

ಹೊಂಬಾಳಮ್ಮನ ಸಿಟ್ಟು ನೆತ್ತಿಗೇರಿತು. “ಮರಕ್ಕೆ ರಜೆ ಕೊಡೋಕಾಯ್ತದೆ, ನಂಗೆ ಕೊಡೋಕೆ ಮಾತ್ರ ಯಾವನಿಗೂ ಕೈ ಬರಕಿಲ್ಲ! ನನ್ನೇನು ಕಬ್ಬಿಣದಲ್ಲಿ ಮಾಡವ್ರಾ, ಈರಣ್ಣ?”

ಮಾಲಿ ತಲೆ ತಗ್ಗಿಸಿದ. ಕೂಗಿದ ಮೇಲೆ ಅವಳಿಗೇ ನಾಚಿಕೆಯಾಯಿತು. ತಲೆಯೆತ್ತಿ ನೋಡಿದಳು, ಎಲೆಗಳು ನಿಜಕ್ಕೂ ಜೋತುಬಿದ್ದಿದ್ದವು, ಪಾಳಿ ಮುಗಿಸಿ ಬಂದ ತನ್ನ ತೋಳುಗಳ ಹಾಗೆ. ಬಾಟಲಿಯಲ್ಲಿದ್ದ ನೀರನ್ನು ಹಗ್ಗದಾಚೆಗೆ, ಬುಡಕ್ಕೆ ಸುರಿದಳು.

“ನೀನಾದ್ರೂ ಸುಧಾರಿಸ್ಕೋ, ತಾಯಿ.”

ಹಗ್ಗದ ಈಚೆ, ನೆರಳಿನ ಅಂಚಿನಲ್ಲಿ ಕುಳಿತಳು. ತನ್ನ ಗೋಳು ಒಂದನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಅರ್ಧ ಗಂಟೆ ಮುಗಿದೊಡನೆ ಗೇಟಿನವನು ಎಬ್ಬಿಸಲು ಬಂದ. ಅಷ್ಟರಲ್ಲಿ ಈರಭದ್ರಣ್ಣ ಹಗ್ಗ ಬಿಚ್ಚಿ, ಅವಳನ್ನೂ ಒಳಗೆ ಸೇರಿಸಿಕೊಂಡು ಮತ್ತೆ ಕಟ್ಟುತ್ತಿದ್ದ.

“ಮುಟ್ಬೇಡ ಕಣಯ್ಯ,” ಎಂದ ಮೆಲ್ಲಗೆ. “ಇವತ್ತು ಇಬ್ಬರಿಗೂ ರಜೆ.”