ನದಿಗೋಡೆಯ ಮತ

"ನೆರೆ ತಡೆಯೋ ನದಿಗೋಡೆ ವಿಷಯದಲ್ಲಿ ಯಾರಿಗಾದ್ರೂ ಸ್ವಂತ ಲಾಭ ಇದ್ಯಾ? ಇದ್ರೆ ಈಗ್ಲೇ ಹೇಳ್ಬಿಡಿ," ಎಂದರು ಪುರಸಭೆಯ ಅಧ್ಯಕ್ಷ ಹಾರ್‌ಗ್ರೀವ್ಸ್. ಸದಸ್ಯೆ ವೆಂಡಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಇದೆ ಎಂದವರು ಮತ ಹಾಕದೆ ಹೊರಗೆ ಹೋಗಬೇಕು. ಗೋಡೆ ಬೇಕೆನ್ನುವವರು ಏಳು ಮಂದಿ, ಬೇಡವೆನ್ನುವವರು ಆರು ಮಂದಿ. ಆ ಏಳನೆಯವಳು ಅವಳೇ. ಸಮವಾದರೆ ಗೋಡೆಯಿಲ್ಲ.

ಅವಳ ಅಮ್ಮನ ಮನೆ ನದಿದಂಡೆಯ ತಗ್ಗು ಬೀದಿಯಲ್ಲಿತ್ತು. ಬೆಳಿಗ್ಗೆ ಚಹಾ ಬಗ್ಗಿಸುತ್ತಾ ಅಮ್ಮ ಹೇಳಿದ್ದಳು: "ಬಾಯ್ಮುಚ್ಕೊಂಡು ಕೂತ್ಕೋ ಮಗಳೇ. ಮುಳುಗೋದು ನಾನೊಬ್ಳೇ ಅಲ್ಲ, ಇಡೀ ಬೀದಿ. ನಿನ್ನ ಸತ್ಯ ನನ್ನ ಕಾರ್ಪೆಟ್ ಒಣಗಿಸುತ್ತಾ?"

ವೆಂಡಿ ಎದ್ದು ನಿಂತಳು. "ನಮ್ಮಮ್ಮನ ಮನೆ ಅಲ್ಲೇ ಇದೆ, ಅಧ್ಯಕ್ಷರೇ."

ಬಾಗಿಲ ಬಳಿ ತಡೆಯಲಾರದೆ ತಿರುಗಿ ನೋಡಿದಳು. ಪ್ರೇಕ್ಷಕರ ಸಾಲಿನಲ್ಲಿ ಅಮ್ಮ, ನೀರು ಆಗಲೇ ಬಂದುಬಿಟ್ಟಂತೆ, ಎರಡೂ ಕಾಲುಗಳನ್ನು ನೆಲದಿಂದ ಮೇಲೆತ್ತಿ ಕೂತಿದ್ದಳು.