ಸಂಡಿಗೆ ಮೇಲೆ ಬಿದ್ದರೆ ಔಟು

ಬಣ್ಣದಂಗಡಿಯಲ್ಲಿ ಅಗಸೆ ಎಣ್ಣೆಯ ಡಬ್ಬಿ ತೆರೆದರೆ ನನಗೆ ಇವತ್ತಿಗೂ ಹೊನ್ನಾಳಿಯ ಅಜ್ಜಿಮನೆಯ ಅಂಗಳ ನೆನಪಾಗುತ್ತದೆ.

ಎಂಬತ್ತರ ಸುಮಾರಿನ ಒಂದು ಬೇಸಿಗೆ. ರಾಜ್ಯ ತಂಡದ ಆರಂಭಿಕ ಬ್ಯಾಟ್ಸ್‌ಮನ್ ಆಗಿದ್ದ ನನ್ನ ಸೋದರಮಾವ ಪಂದ್ಯಗಳೆಲ್ಲ ಮುಗಿದ ಮೇಲೆ ಊರಿಗೆ ಬಂದಿದ್ದ. ಅಗಸೆ ಎಣ್ಣೆ ಹೀರಿ ಜೇನಿನ ಬಣ್ಣಕ್ಕೆ ತಿರುಗಿದ್ದ ಬ್ಯಾಟು ಹಿಡಿದು ಅಂಗಳದಲ್ಲಿ ನಿಂತ. ನಾನು ರಬ್ಬರ್ ಚೆಂಡು ಎಸೆಯತೊಡಗಿದೆ. ಪಕ್ಕದಲ್ಲೇ ಅಜ್ಜಿ ಹಳೇ ಸೀರೆಯ ಮೇಲೆ ಹಸಿ ಸಂಡಿಗೆ ಇಟ್ಟು, ಕೋಲು ಹಿಡಿದು ಕಾಗೆ ಕಾಯುತ್ತಿದ್ದಳು. ಸಂಡಿಗೆ ಮೇಲೆ ಚೆಂಡು ಬಿದ್ದರೆ ಔಟು ಎಂಬುದು ಅವಳದೇ ಕಾನೂನು.

ಮಾವ ನನ್ನ ಚೆಂಡುಗಳನ್ನು ಒಂದೊಂದಾಗಿ ನೋಡಿ, ಬ್ಯಾಟು ಮೇಲೆತ್ತಿ, ಹಾಗೇ ಹಿಂದಕ್ಕೆ ಬಿಟ್ಟ.

“ಹೊಡೆಯಾಕೆ ಬರಲ್ವೇನೋ?” ಎಂದಳು ಅಜ್ಜಿ. “ರೇಡಿಯೋದಾಗೂ ಇದೇ. ಬಿಟ್ಟ, ಬಿಟ್ಟ ಅಂತಾನೇ ಹೇಳ್ತಾರೆ.”

“ಹೊಸ ಚೆಂಡು ಬಿಡೋದೇ ನನ್ನ ಕೆಲಸ ಕಣವ್ವ. ಅದಕ್ಕೇ ಸಂಬಳ ಐತೆ.”

“ಬಿಡಾಕೂ ಸಂಬಳ ಕೊಡ್ತಾರಾ? ಒಂದು ಹೊಡಿ, ನೋಡ್ತೀನಿ.”

ಮಾವ ಹೊಡೆದ. ಚೆಂಡು ಗೋಡೆಗೆ ಬಡಿದು, ತಿರುಗಿ ಬಂದು, ಸಂಡಿಗೆಯ ನಟ್ಟನಡುವೆ ಕೂತಿತು.

ಅಜ್ಜಿ ಕೋಲೆತ್ತಿದಳು. “ಔಟು. ಬ್ಯಾಟು ಹುಡುಗಿಗೆ ಕೊಡು.”

ಅವನು ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ದೊಡ್ಡ ಮೈದಾನ ದಾಟುವವನ ಹಾಗೆ ತಲೆ ತಗ್ಗಿಸಿ ನನ್ನ ತನಕ ನಡೆದು ಬಂದ.

ಬ್ಯಾಟು ನನ್ನ ಎದೆಮಟ್ಟಕ್ಕಿತ್ತು. ಮಾವ ಮೆಲ್ಲಗೆ ಚೆಂಡು ಎಸೆದ. ನಾನು ಅದನ್ನು ಚೆನ್ನಾಗಿ ನೋಡಿ, ಬ್ಯಾಟು ಮೇಲೆತ್ತಿ, ಹಾಗೇ ಹಿಂದಕ್ಕೆ ಬಿಟ್ಟೆ.

ಅಜ್ಜಿ ಹಣೆ ಚಚ್ಚಿಕೊಂಡಳು. “ಮುಗೀತು. ಇನ್ಮ್ಯಾಲೆ ಇವಳಿಗೂ ಸಂಬಳ ಕೊಡ್ತಾರೆ.”